ದಾವಣಗೆರೆಯಿಂದ ಹೊನ್ನಾವರದ ಕಡಲ ಕಾಟೇಜಿಗೆ: ಹೊಸ ಜೋಡಿಯ ಕಾರು ಪ್ರಯಾಣ, ಬುಕಿಂಗಿನಿಂದ ವಾಪಸು ಬರುವವರೆಗೆ

ಬೀಗರೂಟ ಮುಗಿದು, ಮನೆದೇವರಿಗೂ ಹೋಗಿ ಬಂದ ಮೇಲೆ ನಮ್ಮ ಕಡೆಯ ಹೊಸ ಜೋಡಿಗಳು ಹೆಚ್ಚಾಗಿ ಊಟಿ, ಕೊಡಗು ಅಂತ ಹೊರಡುತ್ತಾರೆ. ಕಡಲು ಅವಕ್ಕಿಂತ ಹತ್ತಿರ. ದಾವಣಗೆರೆಯಿಂದ ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಸುಮಾರು 250 ಕಿ.ಮೀ. ಹೊಸದಾಗಿ ಮದುವೆಯಾದ ನಾವಿಬ್ಬರು ಸ್ವಂತ ಕಾರಿನಲ್ಲಿ ಹೋಗಿ, ದಡದ ಪಕ್ಕ ಒಂದು ಕಾಟೇಜು ಬಾಡಿಗೆಗೆ ಹಿಡಿದಿದ್ದು, ಈಗಷ್ಟೇ ವಾಪಸು ಬಂದಿದ್ದೇವೆ. ಬರುವ ಮುಹೂರ್ತಗಳಲ್ಲಿ ಮದುವೆ ಇರುವವರು ಇದೇ ದಾರಿ ಹಿಡಿಯುವುದಾದರೆ ಎರಡು ಮಾತು ಗಟ್ಟಿಯಾಗಿ ನೆನಪಿಡಿ: ಘಾಟಿಯನ್ನು ಹಗಲಿನಲ್ಲೇ ಇಳಿಯಬೇಕು, ಕಾಟೇಜಿನವರ ಮಾತೆಲ್ಲವನ್ನೂ ದುಡ್ಡು ಕಳಿಸುವ ಮೊದಲೇ ಬರಹದಲ್ಲಿ ಪಡೆಯಬೇಕು. ನಮಗೆ ಎದುರಾದ ತಾಪತ್ರಯಗಳೆಲ್ಲ ಇವೆರಡರ ಸುತ್ತಲೇ ಇದ್ದವು.

ಮೊದಲು ದಿನಾಂಕ. ನವೆಂಬರಿನಿಂದ ಫೆಬ್ರವರಿವರೆಗೆ ಕರಾವಳಿ ಹಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಮದುವೆಯವರಿಗೆ ಸೆಕೆ ತಪ್ಪಿದ್ದಲ್ಲ. ನಮ್ಮ ಬಯಲುಸೀಮೆಯ ಒಣ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿಯ ಜಿಗುಟು ಸೆಕೆ ಬಹಳ ಸುಸ್ತು ತರುತ್ತದೆ, ಹಾಗಾಗಿ ಎಸಿ ಇರುವ ಕೋಣೆಯನ್ನೇ ಹಿಡಿಯಿರಿ. ಆಷಾಢಕ್ಕೆ ಹೆಣ್ಣು ತವರಿಗೆ ಹೋಗಬೇಕು, ಅಷ್ಟರೊಳಗೆ ಹೋಗಿ ಬನ್ನಿ ಎಂದು ಮನೆಯಲ್ಲಿ ಹಿರಿಯರು ಅವಸರ ಮಾಡುತ್ತಾರೆ. ಆದರೂ ಜೂನ್ ತಿಂಗಳಿಗೆ ಮಾತ್ರ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಕಡಲಿಗೆ ಇಳಿಯಲು ಬಿಡುವುದಿಲ್ಲ, ಘಾಟಿಗಳಲ್ಲಿ ಮಣ್ಣು ಜರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದದ್ದು ಎಲ್ಲರಿಗೂ ನೆನಪಿರಬೇಕು. ಮೀನೂಟದ ಆಸೆ ಇದ್ದವರಿಗೂ ಅದು ಕಾಲವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ.

ಕಾಟೇಜು ಹುಡುಕುವುದಕ್ಕೇ ನಮಗೆ ಹೆಚ್ಚು ಹೊತ್ತು ಹಿಡಿದದ್ದು. ಹೊನ್ನಾವರ, ಕಾಸರಕೋಡು, ಮಂಕಿ, ಮುರ್ಡೇಶ್ವರದ ಸಾಲಿನಲ್ಲಿ ಮನೆಯವರೇ ನಡೆಸುವ ಚಿಕ್ಕ ಕಾಟೇಜುಗಳಿವೆ. ಫೋಟೋದಲ್ಲಿ ಎಲ್ಲವೂ ಅಲೆಯ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಲೊಕೇಶನ್ ತರಿಸಿಕೊಂಡು ಮ್ಯಾಪಿನಲ್ಲಿ ಉಪಗ್ರಹ ಚಿತ್ರ ಹಾಕಿ ನೋಡಿ. ಕಾಟೇಜಿಗೂ ನೀರಿಗೂ ನಡುವೆ ಹೆದ್ದಾರಿ 66 ಇದೆಯೇ, ಕೊಂಕಣ ರೈಲು ಹಳಿ ಎಷ್ಟು ದೂರ, ಮೀನು ಒಣಗಿಸುವ ಜಾಗ ಪಕ್ಕದಲ್ಲಿದೆಯೇ, ಎಲ್ಲ ತಿಳಿಯುತ್ತದೆ. ಹಳಿಯ ಪಕ್ಕವಾದರೆ ರಾತ್ರಿಯಿಡೀ ಗೂಡ್ಸ್ ರೈಲಿನ ಸದ್ದು ಕೇಳಿಸಿಕೊಳ್ಳಬೇಕು.

ಆಮೇಲೆ ವಿಡಿಯೋ ಕಾಲ್ ಮಾಡಿ. ಬೇರೆಯವರ ಫೋಟೋ ಕದ್ದು ಹಾಕಿ ಅಡ್ವಾನ್ಸ್ ಕಸಿಯುವವರಿದ್ದಾರೆ. ನಿಜವಾದ ಮಾಲೀಕರು ಕೋಣೆ, ಬಚ್ಚಲು, ಗೇಟು ತೋರಿಸಲು ಬೇಸರ ಮಾಡಿಕೊಳ್ಳುವುದಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಆಗಿದೆಯೇ ಎಂದೂ ಕೇಳಿ.

ಕಾರು ಎಲ್ಲಿಯವರೆಗೆ ಬರುತ್ತದೆ ಎಂದು ತಪ್ಪದೆ ವಿಚಾರಿಸಿ. 'ಗಾಡಿ ಬರ್ತದೆ, ಏನೂ ತೊಂದರೆ ಇಲ್ಲ' ಎಂಬ ಉತ್ತರ ಸಾಲದು. ಕೊನೆಯ ಅರ್ಧ ಕಿಲೋಮೀಟರು ಸಿಮೆಂಟೋ, ಜಂಬಿಟ್ಟಿಗೆ ಮಣ್ಣೋ, ಮರಳೋ ಎಂದು ಬಿಡಿಸಿ ಕೇಳಿ. ಮರಳಾದರೆ ಮುಂದಿನ ಚಕ್ರ ಎಳೆಯುವ ನಮ್ಮ ಸಾಮಾನ್ಯ ಕಾರುಗಳು ಹೂತು ನಿಲ್ಲುತ್ತವೆ. ಆಕ್ಸಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಹಾಗೆ ಸಿಕ್ಕಿಕೊಂಡರೆ ಚಕ್ರದ ಮುಂದಿನ ಮರಳನ್ನು ಕೈಯಲ್ಲಿ ಬಗೆದು, ತೆಂಗಿನ ಗರಿಯನ್ನೋ ಕಾರಿನ ಮ್ಯಾಟನ್ನೋ ತುರುಕಿ, ಕ್ಲಚ್ ಮೆಲ್ಲಗೆ ಬಿಟ್ಟು ಈಚೆ ತರಬೇಕು.

ಕರೆಂಟು ಹೋದರೆ ಇನ್ವರ್ಟರ್ ಫ್ಯಾನ್, ಲೈಟಿಗೆ ಮಾತ್ರವೋ ಎಸಿಗೂ ಇದೆಯೋ? ಎಸಿಗೂ ಇರುವುದು ಅಪರೂಪ. ಸ್ನಾನದ ನೀರು ಬಾವಿಯದೋ ಬೋರಿನದೋ? ದಡಕ್ಕೆ ತೀರ ಹತ್ತಿರದ ಕೆಲವು ಬೋರುಗಳಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ನೀರು ಉಪ್ಪಾಗುತ್ತದೆ. ಸೋಪು ನೊರೆ ಬರುವುದಿಲ್ಲ, ಕೂದಲು ಅಂಟಂಟಾಗುತ್ತದೆ. ಕುಡಿಯಲು 20 ಲೀಟರಿನ ಕ್ಯಾನ್ ಇಡುತ್ತಾರೆಯೇ, ಅದಕ್ಕೆ ಬೇರೆ ದುಡ್ಡೇ? ಇನ್ನು ಊಟ. ನಮ್ಮಂಥ ಸಸ್ಯಾಹಾರಿ ಮನೆಯವರಿಗೆ ಇದು ಸಣ್ಣ ವಿಷಯವಲ್ಲ. ಮೀನು ಮಾಡುವ ಅಡುಗೆಮನೆಯಲ್ಲೇ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆಯೇ ಎಂದು ಸಂಕೋಚ ಬಿಟ್ಟು ಕೇಳಿದರೆ ಅವರೂ ಬೇಸರ ಮಾಡಿಕೊಳ್ಳದೆ ಇದ್ದದ್ದನ್ನು ಹೇಳುತ್ತಾರೆ.

ದುಡ್ಡಿನ ಮಾತು. ನಾವು ಮೊದಲು ಅಡ್ವಾನ್ಸ್ ಕೊಟ್ಟ ಒಂದು ಕಡೆ, ದುಡ್ಡು ಮುಟ್ಟಿದ ಮೇಲೆ 'ಶನಿವಾರದ ರೇಟು ಬೇರೆ' ಎಂದು ರಾಗ ತೆಗೆದರು. ಮಾತಾಡಿದ ದರವನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡಿದ್ದರಿಂದ ಅಡ್ವಾನ್ಸ್ ವಾಪಸು ಬಂತು. ಆದರೆ ಅದಕ್ಕೆ ವಾರಗಟ್ಟಲೆ ಫೋನು ಮಾಡಬೇಕಾಯಿತು, ಮದುವೆಮನೆ ಗಡಿಬಿಡಿಯಲ್ಲಿ ಅದೊಂದು ತಲೆನೋವು. ಆದ್ದರಿಂದ ಒಂದೇ ಮೆಸೇಜಿನಲ್ಲಿ ಇಷ್ಟೂ ಬರಲಿ: ಚೆಕ್-ಇನ್ ತಾರೀಖು, ಚೆಕ್-ಔಟ್ ತಾರೀಖು ಮತ್ತು ಗಂಟೆ, ಒಂದು ರಾತ್ರಿಗೆ ಎಷ್ಟು, ಶನಿವಾರ ಮತ್ತು ರಜಾದಿನದ ದರ, ತಿಂಡಿ ಸೇರಿದೆಯೋ ಇಲ್ಲವೋ, ಡಿಪಾಸಿಟ್ ಎಷ್ಟು, ರದ್ದಾದರೆ ಎಷ್ಟು ವಾಪಸು, ಘಾಟಿ ಬಂದ್ ಆಗಿ ಬರಲಾಗದಿದ್ದರೆ ದಿನ ಮುಂದೂಡುತ್ತಾರೆಯೇ. ಅವರು 'ಓಕೆ' ಎಂದ ಮೇಲೆ ಮಾತ್ರ ಅಡ್ವಾನ್ಸ್. ಅದೂ ಮೂರನೇ ಒಂದು ಭಾಗದಷ್ಟು ಸಾಕು, ಪೂರ್ತಿ ಕೇಳಿದರೆ ಬೇರೆ ಕಡೆ ನೋಡಿ. ಜಿಎಸ್‌ಟಿ ಎಂದು ಸೇರಿಸಿದರೆ ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ದಿನಕ್ಕೆ 7,500 ರೂ.ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಮಾತ್ರ, ಹಳೆಯ ಶೇ. 12 ಹಾಕಿದ್ದರೆ ಪ್ರಶ್ನಿಸಿ.

ಕಾಗದ ಪತ್ರದಲ್ಲಿ ಹೊಸ ಜೋಡಿಗೆ ಒಂದು ವಿಶೇಷ ಗೊಂದಲವಿದೆ. ನನ್ನ ಆಧಾರಿನಲ್ಲಿ ತವರಿನ ವಿಳಾಸ, ಅಪ್ಪನ ಹೆಸರು. ನಮ್ಮನೆಯವರ ಆಧಾರಿನಲ್ಲಿ ಬೇರೆ ಊರು. ಇದನ್ನು ನೋಡಿ ಕೆಲವು ಕಡೆ ಅನುಮಾನಿಸಿ ಮದುವೆಯ ದಾಖಲೆ ಕೇಳುತ್ತಾರೆ. ತಂಗಲು ಮದುವೆ ಪ್ರಮಾಣಪತ್ರ ಬೇಕೆಂಬ ಕಾನೂನೇನಿಲ್ಲ. ಆದರೂ ದಣಿದು ಹೋಗಿ ಬಾಗಿಲಲ್ಲಿ ನಿಂತು ವಾದ ಮಾಡುವುದಕ್ಕಿಂತ ಲಗ್ನಪತ್ರಿಕೆಯ ಒಂದು ಪ್ರತಿ ಮತ್ತು ಧಾರೆಯ ಒಂದು ಫೋಟೋ ಫೋನಿನಲ್ಲಿಟ್ಟುಕೊಳ್ಳುವುದು ಸುಲಭ. ಪ್ರವಾಸಕ್ಕಾಗಿ ಆಧಾರ್ ತಿದ್ದುಪಡಿಯ ಆತುರ ಬೇಡ. ಇಬ್ಬರದೂ ಮೂಲ ಗುರುತಿನ ಚೀಟಿ ಜೊತೆಯಲ್ಲಿರಲಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲವಾದ್ದರಿಂದ ಅದನ್ನು ಒಪ್ಪುವುದಿಲ್ಲ. ಪ್ರತಿ ಕೊಡಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಕಾರಿಗೆ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಡಿಎಲ್. ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ, ಆದರೆ ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಮುಂಚೆಯೇ ಡೌನ್‌ಲೋಡ್ ಮಾಡಿಡಿ. ಮಾವನದೋ ಭಾವನದೋ ಕಾರು ತಂದರೆ ಹೊಗೆ ಪತ್ರದ ಅವಧಿ ಮುಗಿದಿದೆಯೇ ಎಂದು ನೋಡಿ. ಮನೆಯಲ್ಲೇ ನಿಂತಿರುವ ಕಾರುಗಳಲ್ಲಿ ಅದು ಮುಗಿದೇ ಇರುತ್ತದೆ. ಬಾಡಿಗೆಗೆ ತಂದು ನೀವೇ ಓಡಿಸುವುದಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಗಾಡಿಯನ್ನೇ ತನ್ನಿ. ಬಿಳಿ ಬೋರ್ಡಿನ ಸ್ವಂತ ಕಾರನ್ನು ಗುಟ್ಟಾಗಿ ಬಾಡಿಗೆಗೆ ಕೊಡುವವರಿದ್ದಾರೆ. ಅದರಲ್ಲಿ ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು.

ಹೊರಡುವ ಹಿಂದಿನ ವಾರ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕೂಲೆಂಟ್, ವೈಪರ್ ರಬ್ಬರ್, ಸ್ಟೆಪ್ನಿಯ ಗಾಳಿ ಇಷ್ಟನ್ನು ನೋಡಿಸಿ. ಮದುವೆಯಲ್ಲಿ ಕಾರಿಗೆ ಹೂವು ಅಂಟಿಸಿದ್ದರೆ ಮುಂದಿನ ಗಾಜಿನ ಮೇಲಿನ ಟೇಪಿನ ಅಂಟನ್ನೂ ತೆಗೆಸಿ. ಎದುರು ಬೆಳಕಿಗೆ ಅದು ಮಂಜಿನಂತೆ ಹರಡಿ ದಾರಿಯೇ ಕಾಣಿಸುವುದಿಲ್ಲ. ಒಡವೆಯ ಬಗ್ಗೆ ಒಂದು ಮಾತು: ತಾಳಿ, ಕಾಲುಂಗುರ ಬಿಟ್ಟು ಉಳಿದದ್ದನ್ನೆಲ್ಲ ಮನೆಯಲ್ಲೋ ಲಾಕರಿನಲ್ಲೋ ಇಟ್ಟು ಬನ್ನಿ. ಕಾಟೇಜುಗಳಲ್ಲಿ ಲಾಕರ್ ಇರುವುದಿಲ್ಲ.

ಬೆಳಗಿನ ಐದೂವರೆಗೆಲ್ಲ ಊರು ಬಿಡಿ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಮೇಲೆ ಶಿವಮೊಗ್ಗ, ಸುಮಾರು 90 ಕಿ.ಮೀ. ಚಿತ್ರದುರ್ಗದವರು ದಾವಣಗೆರೆಗೆ ಬರುವ ಅಗತ್ಯವಿಲ್ಲ, ಹೊಳಲ್ಕೆರೆ, ಚನ್ನಗಿರಿ ಮೇಲೆ ಹೆದ್ದಾರಿ 369 ನೇರ ಶಿವಮೊಗ್ಗಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಕೊಯ್ಲಿನ ಕಾಲಕ್ಕೆ ಒಂದು ಅಪಾಯ ಕಾದಿರುತ್ತದೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ, ಗಾಡಿ ಹತ್ತಬಾರದೆಂದು ಅಂಚಿಗೆ ತಲೆಗಾತ್ರದ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ನಸುಕಿನಲ್ಲಿ ಜೋಳದ ಬಣ್ಣ ಕಂಡರೂ ಕಲ್ಲು ಕಾಣುವುದಿಲ್ಲ, ರಾತ್ರಿ ತಾಡಪಾಲು ಹೊದಿಸಿದ್ದರಂತೂ ಎರಡೂ ಕಾಣುವುದಿಲ್ಲ. ಬೆಳಕು ಹರಿಯುವವರೆಗೆ 50ರ ಮೇಲೆ ಹೋಗಬೇಡಿ. ಬಣ್ಣ ಬಳಿಯದ ಹಂಪುಗಳೂ ಬೇಕಾದಷ್ಟಿವೆ.

ಶಿವಮೊಗ್ಗದಲ್ಲಿ ತಿಂಡಿ. ಮುಂದೆ ಹೆದ್ದಾರಿ 69, ಹಳಬರ ಬಾಯಲ್ಲಿ ಇನ್ನೂ 206. ಆನಂದಪುರ ದಾಟಿ ಸಾಗರದಲ್ಲಿ ಟ್ಯಾಂಕ್ ತುಂಬಿಸಿ, ಟೈರಿನ ಗಾಳಿ ನೋಡಿ, ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಕಾಟೇಜಿನವರಿಗೆ ಫೋನು ಮಾಡಿ ಇಂಥ ಹೊತ್ತಿಗೆ ಬರುತ್ತೇವೆ ಎಂದು ಹೇಳಿ. ಸಿಗಂದೂರಿಗೆ ಹೋಗಿ ಬನ್ನಿ ಎಂದು ಹಿರಿಯರು ಹೇಳಿ ಕಳಿಸಿದ್ದರೆ, 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಪಾಡು ಇಲ್ಲ. ಅದೇ ದಾರಿಯಲ್ಲಿ ಮುಂದೆ ಕೊಲ್ಲೂರಿಗೂ ಇಳಿಯಬಹುದು. ಆದರೆ ಹಾಗೆ ಹೋದರೆ ಅದೇ ಒಂದು ದಿನದ ಕೆಲಸ, ಕಾಟೇಜನ್ನು ಬೈಂದೂರು, ಮರವಂತೆ ಕಡೆ ಹಿಡಿಯುವುದು ಸರಿ. ಜೋಗಕ್ಕೆ ಬೇಸಿಗೆಯಲ್ಲಿ ಹೆಚ್ಚು ಹೊತ್ತು ಮೀಸಲಿಡಬೇಡಿ. 253 ಮೀಟರಿನ ಬಂಡೆ ಕಾಣುತ್ತದೆ, ನೀರು ನೂಲಿನೆಳೆಯಷ್ಟು. ನದಿಯ ನೀರು ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿರುತ್ತದೆ.

ಮಾವಿನಗುಂಡಿ ದಾಟಿದರೆ ಘಾಟಿ ಶುರು. ಸುಮಾರು 600 ಮೀಟರ್ ಎತ್ತರದಿಂದ ಗೇರುಸೊಪ್ಪದಲ್ಲಿ ಹೊಳೆಯ ಮಟ್ಟಕ್ಕೆ ಇಳಿಯಬೇಕು. ಬ್ರೇಕನ್ನು ಒತ್ತಿ ಹಿಡಿದು ಇಳಿದರೆ ಪ್ಯಾಡು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಎರಡನೇ ಗೇರಿನಲ್ಲಿ ಬಿಡಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ; ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ ಬಿಡಿ. ಆಟೋಮ್ಯಾಟಿಕ್ ಕಾರಾದರೆ ಎಲ್ ಅಥವಾ ಮ್ಯಾನುಯಲ್‌ಗೆ ಹಾಕಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು ಪ್ರಾಣದ ಜೊತೆ ಆಟ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಅದು ನಿಯಮವೂ ಹೌದು.

ನಮಗೆ ಅಲ್ಲಿ ತಿರುವಿನಲ್ಲಿ ಕೆಟ್ಟು ನಿಂತ ಲಾರಿ ಎದುರಾಯಿತು. ಸಾಲು ಕರಗಲು ಗಂಟೆಯ ಮೇಲಾಯಿತು. ಲಾರಿಗಿಂತ ಹೆಚ್ಚು ತಡ ಮಾಡಿಸಿದ್ದು ಸಾಲು ತಪ್ಪಿಸಿ ಬಲಕ್ಕೆ ನುಗ್ಗಿದ ಕಾರುಗಳು. ಎದುರಿನ ಬಸ್ಸಿಗೆ ಜಾಗವೇ ಉಳಿಯಲಿಲ್ಲ. ಇಂಥ ಹೊತ್ತಲ್ಲಿ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ಗೇರಿನಲ್ಲಿಟ್ಟು, ಮುಂದಿನ ಗಾಡಿಗೆ ಒಂದು ಕಾರಿನಷ್ಟು ಅಂತರ ಬಿಟ್ಟು ಕೂರಬೇಕು. ನೀರು, ಬಿಸ್ಕತ್ತು, ವಾಂತಿಯ ಮಾತ್ರೆ ಕೈಗೆಟುಕುವಂತಿರಲಿ. ಮಾತ್ರೆಯನ್ನು ಘಾಟಿಗೆ ಅರ್ಧ ಗಂಟೆ ಮುಂಚೆ ನುಂಗಬೇಕು. ಅದರಿಂದ ನಿದ್ದೆ ಬರುವುದರಿಂದ ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು. ಕೋತಿಗಳು ಗಾಜಿನ ಹತ್ತಿರ ಬಂದರೂ ಏನನ್ನೂ ಹಾಕಬೇಡಿ. ಈ ಕಾಡು ಸಿಂಗಳೀಕಗಳ ನೆಲೆ, 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯ ಎಂದು ಘೋಷಿಸಲಾಗಿದೆ. ತಿನ್ನಲು ಹಾಕಿದಷ್ಟೂ ಅವು ರಸ್ತೆಗೆ ಇಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಕೆಳಗಿಳಿಯುತ್ತಿದ್ದಂತೆ ಕಿವಿ ಕಟ್ಟುತ್ತದೆ, ಉಗುಳು ನುಂಗಿದರೆ ಬಿಡುತ್ತದೆ. ಗೇರುಸೊಪ್ಪದ ಹತ್ತಿರ ಮುಂದಿನ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾದರೆ ಗಾಬರಿ ಬೇಡ. ಎಸಿಯಿಂದ ತಣ್ಣಗಾದ ಗಾಜಿನ ಹೊರಮೈಗೆ ಕರಾವಳಿಯ ತೇವ ಕೂರುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗದು. ವೈಪರ್ ಹಾಕಿ, ಎಸಿಯ ತಂಪು ತಗ್ಗಿಸಿ. ಅಲ್ಲಿಂದ ಶರಾವತಿಯ ಪಕ್ಕದಲ್ಲೇ ಹೊನ್ನಾವರಕ್ಕೆ ಸುಮಾರು 30 ಕಿ.ಮೀ., ಈ ಪ್ರಯಾಣದ ಅತ್ಯಂತ ಚೆಂದದ ದಾರಿ.

ಕುಮಟಾ, ಗೋಕರ್ಣದ ಕಡೆ ಕಾಟೇಜು ಹಿಡಿದವರಿಗೆ ಹಾವೇರಿ, ಶಿರಸಿ, ದೇವಿಮನೆ ಘಾಟಿಯ ದಾರಿ ಹತ್ತಿರ. ಅಲ್ಲಿ ರಸ್ತೆ ಅಗಲೀಕರಣ ವರ್ಷಗಳಿಂದ ಎಳೆದಾಡಿದೆ, ಸಂಚಾರ ನಿಲ್ಲಿಸಿದ್ದೂ ಇದೆ. ಹಿಂದಿನ ದಿನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸದೆ ಹೊರಡಬೇಡಿ. ಆ ದಾರಿಯಲ್ಲಿ ರಾಣೆಬೆನ್ನೂರಿನ ಹತ್ತಿರ ಚಳಗೇರಿ ಟೋಲ್. ಹೊನ್ನಾವರ ಮತ್ತು ಕುಮಟಾ ನಡುವೆ ಹೊಳೆಗದ್ದೆ ಟೋಲ್. ಭಟ್ಕಳ ದಾಟಿ ದಕ್ಷಿಣಕ್ಕೆ ಹೋದರೆ ಬೈಂದೂರಿನ ಶಿರೂರು ಟೋಲ್. ಫಾಸ್ಟ್ಯಾಗ್ ಕೆವೈಸಿ ಬಾಕಿಯಿದ್ದು ಬ್ಲಾಕ್ ಆಗಿದೆಯೇ ಎಂದು ಮನೆಯಲ್ಲೇ ನೋಡಿ. 2025ರ ನವೆಂಬರ್ 15ರಿಂದ, ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐಗೆ ಒಂದೂಕಾಲು ಪಟ್ಟು ಕೊಡಬೇಕು.

ಕಾಟೇಜಿಗೆ ಹೋದ ಕೂಡಲೇ ಸಾಮಾನು ಇಳಿಸುವ ಮೊದಲು ಕೋಣೆಯನ್ನು ಒಮ್ಮೆ ವಿಡಿಯೋ ಮಾಡಿ: ಗೋಡೆಯ ಕಲೆ, ಒಡೆದ ಕನ್ನಡಿ, ಗೀಸರ್, ಎಸಿ ರಿಮೋಟ್, ಹಾಸಿಗೆ. ಮಾಲೀಕರ ಎದುರಿಗೇ ಮಾಡಿ, ಡಿಪಾಸಿಟ್ ವಾಪಸು ಕೇಳುವಾಗ ಮಾತು ಬೆಳೆಯುವುದಿಲ್ಲ. ಬಾಗಿಲಿನ ಒಳಚಿಲಕ, ಕಿಟಕಿಯ ಕೊಂಡಿ, ಬಚ್ಚಲಿನ ಗವಾಕ್ಷಿ ಸರಿಯಾಗಿವೆಯೇ ನೋಡಿ. ಕತ್ತಲಲ್ಲಿ ಫೋನಿನ ಟಾರ್ಚ್ ಹಿಡಿದು ಹಾಸಿಗೆಯ ಎದುರಿನ ಹೊಗೆ ಸೆನ್ಸರ್, ಗಡಿಯಾರ, ಚಾರ್ಜರ್ ಸಾಕೆಟ್ ಮೇಲೆ ಆಡಿಸಿ. ಕ್ಯಾಮೆರಾ ಅಡಗಿದ್ದರೆ ಲೆನ್ಸ್ ಚಿಕ್ಕ ಚುಕ್ಕಿಯಾಗಿ ಹೊಳೆಯುತ್ತದೆ. ಹೊಸ ಜೋಡಿ ಈ ಎಚ್ಚರ ವಹಿಸುವುದರಲ್ಲಿ ನಾಚಿಕೆಯೇನಿಲ್ಲ. ಸಂಜೆ ಆರಕ್ಕೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿ.

ನಾವು ಕಟ್ಟಿಕೊಂಡು ಹೋದ ನರ್ಗೀಸ್ ಮಂಡಕ್ಕಿ ಕವರ್ ಬಿಚ್ಚಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ನಾರಿನಂತೆ ಎಳೆಯತೊಡಗಿತು. ಖಡಕ್ ರೊಟ್ಟಿಯದೂ ಅದೇ ಗತಿ. ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟದ್ದು ಮಾತ್ರ ಉಳಿಯಿತು. ಶೇಂಗಾ ಚಟ್ನಿಪುಡಿಗೂ ಡಬ್ಬಿಯೇ ಆಗಬೇಕು. ಅಲ್ಲಿ ಕುಚ್ಚಲಕ್ಕಿ ಅನ್ನ, ಕೊಬ್ಬರಿ ಎಣ್ಣೆಯ ಒಗ್ಗರಣೆ. ಒಗ್ಗದವರು 'ಬೆಳ್ತಿಗೆ ಅನ್ನ ಮಾಡಿ', ಅಂದರೆ ನಮ್ಮ ಬಿಳಿ ಅನ್ನ, ಎಂದು ಬೆಳಿಗ್ಗೆಯೇ ಹೇಳಿಡಬೇಕು. ರೇಷ್ಮೆ ಸೀರೆಯನ್ನು ತರಲೇಬೇಡಿ, ಜರಿಗೆ ಉಪ್ಪಿನ ಗಾಳಿ ಆಗಿಬರುವುದಿಲ್ಲ.

ಕಡಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ನಾವು ನಾಲೆ, ಕೆರೆಯಲ್ಲಿ ಈಜು ಕಲಿತವರು. ದಡದಲ್ಲಿ ಎರಡು ಕಡೆ ಅಲೆ ಬಿಳಿಯಾಗಿ ಒಡೆಯುತ್ತಿದ್ದು, ನಡುವೆ ಅಲೆಯಿಲ್ಲದೆ ಕಪ್ಪಗೆ ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಯಬಾರದು. ದಡಕ್ಕೆ ಬಂದ ನೀರು ಅದೇ ಜಾಗದಲ್ಲಿ ರಭಸವಾಗಿ ಒಳಕ್ಕೆ ಹಿಂದಿರುಗುತ್ತಿರುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ತಿರುಗಿ. ಅಮಾವಾಸ್ಯೆ, ಹುಣ್ಣಿಮೆಯ ಆಜುಬಾಜು ಉಬ್ಬರ ದೊಡ್ಡದು, ಇಳಿತದಲ್ಲಿ ನಡೆದು ಹೋದ ಬಂಡೆಗೆ ಉಬ್ಬರದ ಹೊತ್ತಿಗೆ ದಾರಿ ಇರುವುದಿಲ್ಲ. ಕೆಂಪು ಬಾವುಟ ಇದ್ದರೆ, ಲೈಫ್‌ಗಾರ್ಡ್ ಸೀಟಿ ಊದಿದರೆ, ತಕ್ಷಣ ಈಚೆ ಬನ್ನಿ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದೂ ಮಳೆಗಾಲವಲ್ಲ, ಪ್ರವಾಸದ ಕಾಲ. ಕಾಲು ನೆನೆಸಿ ಕೂರಲು ನಮಗೆ ಕಾಸರಕೋಡು ಹಿಡಿಸಿತು. 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ಬೀಚು, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ ಇದೆ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ನಡಿಗೆ ದಾರಿ ಇದೆ, ಬಿಸಿಲೇರುವ ಮುನ್ನ ಹೋಗಿ.

ಖರ್ಚು: ಹೋಗಿ ಬರುವ 500 ಕಿ.ಮೀ., ಅಲ್ಲಿ ಓಡಾಟ 150 ಎಂದರೂ ಲೀಟರಿಗೆ 16 ಕೊಡುವ ಕಾರಿಗೆ ಸುಮಾರು 40 ಲೀಟರ್ ಪೆಟ್ರೋಲ್, ನಾಲ್ಕು ಸಾವಿರದ ಮೇಲೆ. ನಾವು ವಿಚಾರಿಸಿದ ಎಸಿ ಕಾಟೇಜುಗಳು ವಾರದ ದಿನಗಳಲ್ಲಿ ರಾತ್ರಿಗೆ ಎರಡೂವರೆಯಿಂದ ನಾಲ್ಕು ಸಾವಿರ, ಶನಿವಾರ ಭಾನುವಾರ ಅದರ ಒಂದೂವರೆ ಪಟ್ಟು. ಸೋಮವಾರ ಹೋಗಿ ಗುರುವಾರ ಬರುವಂತೆ ಇಟ್ಟುಕೊಂಡರೆ ಒಳ್ಳೆಯ ಕೋಣೆಯೇ ಕಮ್ಮಿಗೆ ಸಿಗುತ್ತದೆ. ಐದು ಸಾವಿರದಷ್ಟು ನಗದು ಬೇರೆ ಇರಲಿ, ಕರೆಂಟು ಹೋದಾಗ ನೆಟ್‌ವರ್ಕೂ ಹೋಗಿ ಯುಪಿಐ ನಡೆಯದು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಬೇರೆ ಯಾವ ತುರ್ತಿಗೂ 112.

ವಾಪಸು ಬರುವ ದಿನ ತಿಂಡಿಗೆ ಮುಂಚೆಯೇ ಮಾಲೀಕರನ್ನು ಕರೆದು ಕೋಣೆ ತೋರಿಸಿ, ಡಿಪಾಸಿಟ್ ನಿಮ್ಮ ಖಾತೆಗೆ ಬಂದ ಮೇಲೆ ಕೀಲಿ ಕೊಡಿ. ಘಾಟಿ ಹತ್ತುವಾಗ ಎಂಜಿನ್ ಬಿಸಿಯ ಮುಳ್ಳು ಏರಿದರೆ ಎಸಿ ಆರಿಸಿ, ಏರುತ್ತಲೇ ಹೋದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ. ಆರುವ ಮುಂಚೆ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಊರಿಗೆ ಬಂದ ಮಾರನೇ ದಿನವೇ ಕಾರಿನ ಅಡಿಭಾಗವನ್ನು ಪ್ರೆಷರ್ ನೀರಿನಲ್ಲಿ ತೊಳೆಸಿ. ಚಕ್ರದ ಕಮಾನಿನ ಒಳಗೆ, ಬಾಗಿಲ ಕೆಳಗಿನ ಅಂಚಿನಲ್ಲಿ ಅಂಟಿದ ಉಪ್ಪು, ಮರಳು ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ಕೆಂಪು ಪೊರೆ ಕಂಡರೆ ಹೆದರಬೇಡಿ, ಅದು ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಕರಕರ ಸದ್ದು ಆಮೇಲೂ ಬಂದರೆ ಪ್ಯಾಡಿನ ನಡುವೆ ಮರಳು ಕೂತಿದೆ ಎಂದರ್ಥ, ಚಕ್ರ ಬಿಚ್ಚಿಸಿ ಸ್ವಚ್ಛ ಮಾಡಿಸಿ.